ಗಾಜಿನ ಫೋನು ಮೊದಲು ಬಂತು

2008ರ ಆಗಸ್ಟ್ 22ರಂದು ಆಪಲ್ ಕಂಪೆನಿಯ ಐಫೋನ್ ಭಾರತದ ಅಂಗಡಿಗಳಿಗೆ ಬಂತು. ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು ಮಾರುತ್ತಿದ್ದವು. 8 ಜಿಬಿ ಫೋನಿಗೆ 31,000 ರೂಪಾಯಿ. ಫೋನಿನ ಹೆಸರು ಐಫೋನ್ 3ಜಿ. ಆದರೆ ಆ ಹೊತ್ತಿಗೆ ನಮ್ಮ ದೇಶದಲ್ಲಿ 3ಜಿ ಸೇವೆಯೇ ಶುರುವಾಗಿರಲಿಲ್ಲ. ಖಾಸಗಿ ಕಂಪೆನಿಗಳಿಗೆ 3ಜಿ ತರಂಗಾಂತರ ಹರಾಜಾದದ್ದು 2010ರಲ್ಲಿ. ಹೆಸರಿನಲ್ಲೇ ಇದ್ದ ಸೌಲಭ್ಯಕ್ಕಾಗಿ ಆ ಫೋನು ಇಲ್ಲಿ ಕಾಯಬೇಕಾಯಿತು.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಟಚ್‌ಸ್ಕ್ರೀನ್ ಫೋನು ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಹೇಳಲು ಹೊರಡುತ್ತೇನೆ. ನಮ್ಮಲ್ಲಿ ಫೋನು ಮೊದಲು ಬಂತು. ರೇಂಜ್ ಆಮೇಲೆ ಬಂತು. ಕನ್ನಡ ಅಕ್ಷರ ಬಂದದ್ದೂ ಆಮೇಲೆಯೇ. ನಡುವಿನ ಆ ವರ್ಷಗಳಲ್ಲಿ ನಮ್ಮ ಜನ ಅದನ್ನು ಹೇಗೆ ಪಳಗಿಸಿಕೊಂಡರು ಎಂಬುದು ನನಗೆ ಮುಖ್ಯ.

ಕಡಬ ಆಗ ತಾಲೂಕಾಗಿರಲಿಲ್ಲ. ಕಡಬ ಪುತ್ತೂರಿಗೆ ಸೇರಿತ್ತು, ಸುಬ್ರಹ್ಮಣ್ಯ ಸುಳ್ಯಕ್ಕೆ ಸೇರಿತ್ತು. ಎಲ್ಲವೂ ಘಟ್ಟದ ಬುಡದ ಊರುಗಳು. ನಮ್ಮಲ್ಲಿ ಮನೆಗಳು ಪೇಟೆಯ ಹಾಗೆ ಒಟ್ಟಿಗಿಲ್ಲ. ನೀರಿರುವ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಮಗ್ಗುಲಲ್ಲಿ ಮನೆ, ಮನೆಯ ಎರಡೂ ಕಡೆ ಗುಡ್ಡೆ. ಬೇಸಾಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಟವರಿನಿಂದ ಹೊರಟ ತರಂಗಕ್ಕೆ ಇದಕ್ಕಿಂತ ಕಷ್ಟದ ಜಾಗವೂ ಇಲ್ಲ. ಗುಡ್ಡೆಯ ಮೇಲೆ ನಿಂತರೆ ನಾಲ್ಕು ಕಡ್ಡಿ ರೇಂಜ್, ಅಂಗಳಕ್ಕಿಳಿದರೆ ಒಂದೂ ಇಲ್ಲ. ಪಾಣಾಜೆ, ಮಂಡೆಕೋಲು, ಅಜ್ಜಾವರದಂಥ ಗಡಿ ಊರುಗಳಲ್ಲಿ ಇನ್ನೊಂದು ಕಷ್ಟ. ಅಲ್ಲಿ ಫೋನು ತನ್ನಷ್ಟಕ್ಕೆ ಕೇರಳದ ಟವರು ಹಿಡಿಯುತ್ತಿತ್ತು. ಮನೆಯ ಜಗಲಿಯಲ್ಲಿ ಕೂತವರಿಗೆ ರೋಮಿಂಗ್ ದುಡ್ಡು ಬೀಳುತ್ತಿತ್ತು.

ಟಚ್‌ಸ್ಕ್ರೀನಿಗಿಂತ ಮೊದಲು ಇಲ್ಲಿದ್ದದ್ದು ತಂತಿಯ ಫೋನು. ಒಂದು ಕೊಂಬೆ ಬಿದ್ದರೆ ತಂತಿ ಕಡಿಯುತ್ತಿತ್ತು, ಒಂದು ಸಿಡಿಲು ಹೊಡೆದರೆ ಫೋನು ಸುಟ್ಟುಹೋಗುತ್ತಿತ್ತು. ಆಮೇಲೆ ಡಬ್ಲ್ಯುಎಲ್‌ಎಲ್ ಎಂಬ ತಂತಿಯಿಲ್ಲದ ಫೋನು ಬಂತು. ಅದರ ಆಂಟೆನಾವನ್ನು ಎತ್ತರದ ಪೈಪಿಗೋ ಅಡಿಕೆ ಮರಕ್ಕೋ ಕಟ್ಟಿ, ಯಾವ ದಿಕ್ಕಿಗೆ ತಿರುಗಿಸಿದರೆ ಸ್ವರ ಸರಿಯಾಗಿ ಕೇಳುತ್ತದೆ ಎಂದು ಒಬ್ಬರು ಮೇಲಿಂದ, ಇನ್ನೊಬ್ಬರು ಕೆಳಗಿಂದ ಕೂಗಿ ಹೇಳುವುದು ಆ ದಿನಗಳ ಮಾಮೂಲು. ಆಮೇಲೆ ಕೈಗೆ ಬಂದದ್ದು ಗುಂಡಿ ಒತ್ತುವ ನೋಕಿಯಾ. ಬಿದ್ದರೂ ಒಡೆಯದ, ವಾರಕ್ಕೆ ಒಂದೆರಡು ಸಲ ಚಾರ್ಜಿಗೆ ಹಾಕಿದರೆ ಸಾಕಾದ ಆ ಫೋನು ಕರೆಂಟು ಹೋದರೆ ದಿನಗಟ್ಟಲೆ ಬಾರದ ನಮ್ಮ ಮಳೆಗಾಲಕ್ಕೆ ಸರಿಯಾಗಿ ಹೊಂದುತ್ತಿತ್ತು.

ಗಾಜಿನ ಫೋನು ಇಲ್ಲಿಗೆ ಎರಡು ದಾರಿಯಲ್ಲಿ ಬಂತು. ಒಂದು ಗಲ್ಫಿನ ದಾರಿ. ದುಬೈ, ಸೌದಿ, ಕತಾರ್‌ನಲ್ಲಿ ದುಡಿಯುವ ನಮ್ಮ ಊರಿನ ಮಕ್ಕಳು ರಜೆಗೆ ಬರುವಾಗ ಸೆಂಟು, ಟಾರ್ಚು, ಕಂಬಳಿಯೊಂದಿಗೆ ಒಂದು ಟಚ್ ಫೋನನ್ನೂ ತಂದರು. ಇನ್ನೊಂದು ಚೈನಾ ಸೆಟ್ಟಿನ ದಾರಿ. ಎರಡು ಸಿಮ್ ಹಾಕಬಹುದು, ದೊಡ್ಡ ಸ್ವರ, ದೊಡ್ಡ ಪರದೆ, ಬರೆಯಲು ಒಂದು ಕಡ್ಡಿ, ಕ್ರಯ ಕಡಿಮೆ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳಲ್ಲಿ ಇವು ಸಾಲಾಗಿ ಇದ್ದವು. ಮೆಮೊರಿ ಕಾರ್ಡಿಗೆ ತಾಳಮದ್ದಳೆ, ಯಕ್ಷಗಾನದ ಪದ ತುಂಬಿಸಿ ಕೊಡುವುದೂ ಅದೇ ಅಂಗಡಿಯವರ ಕೆಲಸ.

ಆ ಚೈನಾ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಐಎಂಇಐ ಸಂಖ್ಯೆ ಇರಲಿಲ್ಲ. ಪ್ರತಿಯೊಂದು ಫೋನಿಗೂ ಇರಬೇಕಾದ 15 ಅಂಕಿಗಳ ಗುರುತು ಅದು. 2008ರ ಮುಂಬೈ ದಾಳಿಯ ಬಳಿಕ ಭದ್ರತೆಯ ಮಾತು ಬಂದು, 2009ರ ಡಿಸೆಂಬರ್ 1ರಿಂದ ಅಂಥ ಫೋನುಗಳಿಗೆ ಕರೆ ಸಿಗದಂತೆ ಮಾಡಬೇಕೆಂದು ಸರಕಾರ ಕಂಪೆನಿಗಳಿಗೆ ಆದೇಶ ಕೊಟ್ಟಿತು. 199 ರೂಪಾಯಿ ಕೊಟ್ಟರೆ ಸಂಖ್ಯೆ ಹಾಕಿಸಿಕೊಳ್ಳುವ ವ್ಯವಸ್ಥೆಯೂ ಆಯಿತು. ದೂರದ ದೆಹಲಿಯ ಒಂದು ಆದೇಶ ಘಟ್ಟದ ಬುಡದ ಕೂಲಿಯವನ ಜೇಬಿನೊಳಗಿನ ವಸ್ತುವನ್ನು ರಾತ್ರಿ ಕಳೆಯುವುದರೊಳಗೆ ಕೆಲಸಕ್ಕೆ ಬಾರದಂತೆ ಮಾಡಬಲ್ಲದು ಎಂಬುದು ಹಲವರಿಗೆ ಮೊದಲ ಬಾರಿ ತಿಳಿದದ್ದು ಆಗ.

ಈಗ ಬೆರಳಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಟಚ್‌ಸ್ಕ್ರೀನಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಎರಡು ತೆಳು ಪದರಗಳು ಒಂದರ ಮೇಲೊಂದು ಇರುತ್ತವೆ. ಒತ್ತಿದಲ್ಲಿ ಅವು ಒಂದಕ್ಕೊಂದು ತಾಗುತ್ತವೆ, ಫೋನಿಗೆ ಜಾಗ ಗೊತ್ತಾಗುತ್ತದೆ. ಒತ್ತುವುದು ಉಗುರೋ, ಕಡ್ಡಿಯೋ, ಪೆನ್ನಿನ ಮುಚ್ಚಳವೋ, ಏನಾದರೂ ಆಗಬಹುದು. ಚೈನಾ ಸೆಟ್ಟುಗಳೂ, 2009ರ ಹೊತ್ತಿಗೆ ಇಲ್ಲಿ ಜನಪ್ರಿಯವಾದ ನೋಕಿಯಾ 5800 ಫೋನೂ ಈ ಜಾತಿಯವು. ಇನ್ನೊಂದು ಐಫೋನಿನ ಜಾತಿ. ಇಲ್ಲಿ ಗಾಜಿನಲ್ಲಿ ಕಣ್ಣಿಗೆ ಕಾಣದ, ವಿದ್ಯುತ್ ಹರಿಯುವ ಪದರ ಇರುತ್ತದೆ. ನಮ್ಮ ಮೈ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಂಶದಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು ಫೋನು ಲೆಕ್ಕ ಹಾಕುತ್ತದೆ. ಇದಕ್ಕೆ ಒತ್ತಡ ಬೇಡ, ಚರ್ಮ ಬೇಕು. ಹೀಗೆ ಬೆರಳಿನಿಂದ ಮುಟ್ಟುವ ಪರದೆಯ ಬಗ್ಗೆ ಇಂಗ್ಲೆಂಡಿನ ರೇಡಾರ್ ಸಂಶೋಧನಾ ಸಂಸ್ಥೆಯ ಇ.ಎ. ಜಾನ್ಸನ್ 1965ರಲ್ಲೇ ಬರೆದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಿಸುವ ಕೋಣೆಯ ಬೆರಳುಗಳು. ಒಣ ಬೆರಳು, ಮೆತ್ತಗಿನ ಬೆರಳು.

ನಮ್ಮ ಬೆರಳು ಹಾಗಿಲ್ಲ. ಅಡಿಕೆ ಸುಲಿಯುವವರ ಬೆರಳ ತುದಿ ಚೊಗರು ಹಿಡಿದು ಕಪ್ಪಾಗಿ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವವರ ಕೈಯಲ್ಲಿ ಮೈಲುತುತ್ತು, ಸುಣ್ಣ, ನೀರು ಎಲ್ಲ ಒಟ್ಟಿಗೆ ಇರುತ್ತವೆ. ನೀರೂ ವಿದ್ಯುತ್ ವಾಹಕವೇ ಆದ್ದರಿಂದ ಒದ್ದೆ ಗಾಜಿನಲ್ಲಿ ಬೆರಳು ಯಾವುದು, ಹನಿ ಯಾವುದು ಎಂದು ಫೋನಿಗೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟ ರಬ್ಬರ್ ಟ್ಯಾಪಿಂಗ್ ಮಾಡುವವರದು. ಸುಳ್ಯ, ಪುತ್ತೂರು, ಸುಬ್ರಹ್ಮಣ್ಯ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಇಲ್ಲಿ ನೆಲೆಯಾದವರು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವವರು. ರಬ್ಬರ್ ಹಾಲು ಬೆರಳಿಗೆ ತಾಗಿ ಒಣಗಿದರೆ ಅದೇ ಒಂದು ಪೊರೆ. ವಿದ್ಯುತ್ತನ್ನು ಬಿಡದಿರಲು ರಬ್ಬರಿಗಿಂತ ಬೇರೆ ಬೇಕೆ? ಪದರದ ಮೇಲೆ ಪದರ ಕೂತರೆ ಅಲ್ಲಿ ಬೆರಳು ಇದೆ ಎಂಬುದೇ ಗಾಜಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಹತ್ತಿರ ಟ್ಯಾಪಿಂಗ್ ಮಾಡುವ ಒಬ್ಬಾಕೆ ಹೊಸ ಫೋನು ತೆಗೆದುಕೊಂಡ ದಿನಗಳಲ್ಲಿ ಜಗಲಿಗೆ ಬಂದು, "ಅಕ್ಕ, ಇದು ನನ್ನ ಬೆರಳು ಕೇಳುದಿಲ್ಲ, ನೀವೊಮ್ಮೆ ಒತ್ತಿ ಕೊಡಿ" ಎನ್ನುತ್ತಿದ್ದರು. ಕೈ ಎತ್ತಿ ತೋರಿಸಿದರೆ ಹೆಬ್ಬೆರಳು, ತೋರುಬೆರಳು ಎರಡರ ತುದಿಯಲ್ಲೂ ಬಿಳಿಯ ಸಿಪ್ಪೆ. ಉಜ್ಜಿ ತೆಗೆದರೂ ಪೂರ್ತಿ ಹೋಗುತ್ತಿರಲಿಲ್ಲ. ಅವರೇ ಒಂದು ಉಪಾಯ ಕಂಡುಕೊಂಡರು. ಕೆಲಸದಲ್ಲಿ ಹಾಲು ತಾಗದ ಬೆರಳು ಕಿರುಬೆರಳು. ಅದರಿಂದಲೇ ಫೋನು ನಡೆಸಲು ಕಲಿತರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಅದೇ ನವೆಂಬರಿನಲ್ಲಿ ವಾಟ್ಸಾಪಿಗೆ ವಿಡಿಯೋ ಕರೆ ಬಂತು. ಶ್ರೀಲಂಕಾದಲ್ಲೇ ಉಳಿದ ಚಿಕ್ಕಮ್ಮನ ಮುಖವನ್ನು ಅವರು ನೋಡಿದ್ದು ಆ ಕಿರುಬೆರಳಿನ ಬಲದಿಂದ. ಸಮುದ್ರದ ಆಚೆ ಈಚೆ ಹರಿದುಹೋದ ಕುಟುಂಬಗಳಿಗೆ ಈ ಫೋನು ಮಾಡಿದ ಉಪಕಾರವನ್ನು ಯಾರೂ ಹಗುರ ಮಾಡಬಾರದು.

ಎಲ್ಲರೂ ಹಾಗೆ ಉಪಾಯ ಹುಡುಕಲಿಲ್ಲ. ಹೆಚ್ಚಿನವರು ಮಕ್ಕಳನ್ನು ಕರೆದರು. "ಮಗಾ, ಇದನ್ನೊಮ್ಮೆ ನೋಡು." ಗುಂಡಿ ಫೋನಿನಲ್ಲಿ ಅಜ್ಜ ತಾನೇ ಕರೆ ಮಾಡುತ್ತಿದ್ದರು, ಯಾವ ಗುಂಡಿ ಎಲ್ಲಿದೆ ಎಂದು ಕತ್ತಲಲ್ಲೂ ಬೆರಳಿಗೆ ಗೊತ್ತಿತ್ತು. ನುಣುಪು ಗಾಜಿನಲ್ಲಿ ಬೆರಳಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಎಲ್ಲವನ್ನೂ ಕಣ್ಣಿನಿಂದಲೇ ನೋಡಬೇಕು, ಓದಬೇಕು. ಹಾಗಾಗಿ ಫೋನು ಮೊಮ್ಮಗನ ಕೈಗೆ ಹೋಯಿತು. ಫೋನಿನೊಂದಿಗೆ ಬ್ಯಾಂಕಿನ ಮೆಸೇಜು, ಅಡಿಕೆಯ ದರ, ಸೊಸೈಟಿಯ ನೋಟೀಸು ಎಲ್ಲವೂ ಹೋದವು. ಮನೆಯ ಹಿರಿಯರು ತಮ್ಮ ವ್ಯವಹಾರಕ್ಕೆ ಹದಿನೈದು ವರ್ಷದ ಹುಡುಗನನ್ನು ಕೇಳುವಂತಾಯಿತು. ಟಚ್‌ಸ್ಕ್ರೀನ್ ನಮ್ಮ ಮನೆಗಳಲ್ಲಿ ಮಾಡಿದ ಅತಿ ದೊಡ್ಡ ಬದಲಾವಣೆ ಇದು ಎಂದು ನಾನು ನಂಬಿದ್ದೇನೆ. ಒಳ್ಳೆಯ ಮನೆಗಳಲ್ಲಿ ಇದರಿಂದ ಅಜ್ಜ ಮೊಮ್ಮಕ್ಕಳ ಮಾತು ಹೆಚ್ಚಾಯಿತು. ಕೆಲವು ಮನೆಗಳಲ್ಲಿ ಅಜ್ಜನಿಗೆ ತಿಳಿಯದೆ ಅಜ್ಜನ ದುಡ್ಡು ಹೋಯಿತು.

ಇನ್ನು ಅಕ್ಷರ. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಕಾಣುತ್ತಿರಲಿಲ್ಲ. 2011ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಬಂತು. ಮೂರು ಇಂಚಿನ ಪರದೆ, ಕಾಲೇಜು ಮಕ್ಕಳ ಕೈಗೆಟಕುವ ಕ್ರಯ. ಮರುವರ್ಷ ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಬಂತು. ಆ ಕಾಲದ ಬಹಳಷ್ಟು ಫೋನುಗಳಲ್ಲಿ ಕನ್ನಡ ಪತ್ರಿಕೆಯ ಪುಟ ತೆರೆದರೆ ಅಕ್ಷರದ ಜಾಗದಲ್ಲಿ ಸಾಲು ಸಾಲು ಚೌಕಗಳು. ಅಕ್ಷರಶೈಲಿ ಇದ್ದ ಫೋನುಗಳಲ್ಲೂ ಒತ್ತು ಕೆಳಗೆ ಕೂರುತ್ತಿರಲಿಲ್ಲ. ಪುತ್ತೂರು ಎಂದು ಬರೆದರೆ ‘ಪುತ್‌ತೂರು’ ಎಂದು ಕಾಣುತ್ತಿತ್ತು, ಸುಳ್ಯ ಎಂದರೆ ‘ಸುಳ್‌ಯ’. ಒತ್ತಕ್ಷರವೂ ಇಲ್ಲದ, ಕೊಂಬೂ ಇಳಿಯೂ ಇಲ್ಲದ ಕಡಬ ಒಂದೇ ಸರಿಯಾಗಿ ಕಾಣುತ್ತಿತ್ತು.

ಆಗ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಟ್ಟ ಒಂದು ದಾರಿ ಇತ್ತು. ಒಪೆರಾ ಮಿನಿ ಎಂಬ ಬ್ರೌಸರ್ ಹಾಕಿಕೊಂಡು ಅದರ ಒಳಗಿನ ಸೆಟ್ಟಿಂಗಿಗೆ ಹೋಗಿ ಒಂದು ಆಯ್ಕೆ ಬದಲಿಸಿದರೆ, ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಚಿತ್ರವಾದ್ದರಿಂದ ಒತ್ತು ಸರಿಯಾಗಿಯೇ ಕೂರುತ್ತಿತ್ತು. ರೇಂಜ್ ಕಡಿಮೆ ಇದ್ದಲ್ಲಿ ಒಂದು ಪುಟ ತೆರೆಯಲು ಎಷ್ಟೋ ಹೊತ್ತು ಕಾಯಬೇಕಿತ್ತು, ಆದರೂ ಕಾದು ಓದಿದರು. ದೊಡ್ಡ ಕಂಪೆನಿಗಳು ಕನ್ನಡವನ್ನು ಗಮನಿಸದಿದ್ದ ಕಾಲದಲ್ಲಿ ಕನ್ನಡ ಓದಲೇಬೇಕೆಂದು ಹಟ ಹಿಡಿದವರು ಇವರು. ನನಗೆ ಅವರ ಮೇಲೆ ಬಹಳ ಗೌರವ.

ಆ ಹಟಕ್ಕೆ ದನಿ ಕೊಟ್ಟವರಲ್ಲಿ ನಮ್ಮ ಕಡೆಯವರೇ ಇದ್ದರು. ಹೆಸರಿನಲ್ಲಿ ಸುಳ್ಯದ ಉಬರಡ್ಕವನ್ನೂ ಪುತ್ತೂರಿನ ಬೆಳ್ಳಿಪ್ಪಾಡಿಯನ್ನೂ ಇಟ್ಟುಕೊಂಡಿರುವ ಡಾ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಶುರು ಮಾಡಿದವರು. ಪ್ರಜಾವಾಣಿಯ ‘ಗ್ಯಾಜೆಟ್ ಲೋಕ’ ಅಂಕಣದಲ್ಲಿ ಅವರು ಫೋನುಗಳ ಬಗ್ಗೆ ಬರೆಯುವಾಗ ಕ್ಯಾಮೆರಾ, ಬ್ಯಾಟರಿಗಳ ಜೊತೆಗೆ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದನ್ನೂ ಹೇಳುತ್ತಿದ್ದರು. ಪುತ್ತೂರಿನ ಅಂಗಡಿಯ ಕಟ್ಟೆಗೆ ಬಂದು "ಇದರಲ್ಲಿ ಕನ್ನಡ ಬರ್ತದಾ?" ಎಂದು ಗಿರಾಕಿ ಕೇಳುವಂತಾದದ್ದರಲ್ಲಿ ಅಂಥ ಬರಹಕ್ಕೆ ಪಾಲಿದೆ. ಇನ್ನೊಬ್ಬರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಕಂಪ್ಯೂಟರಿನ ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಬರೆಯುವ ಅವರ ಕ್ರಮ ಮುಂದೆ ಸರಕಾರದ ಮಾನ್ಯತೆ ಪಡೆಯಿತು. ಆಂಡ್ರಾಯ್ಡಿಗೆ ಆರ್.ಎನ್. ಶ್ರೀಧರ್ ‘ಜಸ್ಟ್ ಕನ್ನಡ’ ಎಂಬ ಕೀಲಿಮಣೆ ಮಾಡಿಕೊಟ್ಟರು. 2012ರ ಬಳಿಕ ಬಂದ ಆಂಡ್ರಾಯ್ಡ್ ಆವೃತ್ತಿಗಳಲ್ಲಿ ಒತ್ತಕ್ಷರ ತನ್ನ ಜಾಗಕ್ಕೆ ಬಂತು.

ಅಷ್ಟರಲ್ಲಿ ಬರೆಯುವ ಅಗತ್ಯವೇ ಇಲ್ಲದ ಒಂದು ಸೌಲಭ್ಯ ಬಂತು. 2013ರ ಆಗಸ್ಟಿನಲ್ಲಿ ವಾಟ್ಸಾಪ್ ಧ್ವನಿ ಸಂದೇಶ ಶುರು ಮಾಡಿತು. ಈ ಮೂರು ತಾಲೂಕುಗಳಲ್ಲಿ ಒಂದು ಬಸ್ಸಿನೊಳಗೆ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲೆಯಾಳ, ಕೊಂಕಣಿ ಎಲ್ಲ ಕೇಳುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಶಾಲೆಯಲ್ಲಿ ಬರೆಯಲು ಯಾರೂ ಕಲಿಸಲಿಲ್ಲ. ತುಳು–ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದೇ 2024ರ ಸೆಪ್ಟೆಂಬರಿನಲ್ಲಿ. ಧ್ವನಿ ಸಂದೇಶಕ್ಕೆ ಲಿಪಿಯ ಹಂಗಿಲ್ಲ. ಓದು ಬಾರದ ಅಜ್ಜಿ ಬೆಂಗಳೂರಿನ ಮೊಮ್ಮಗಳಿಗೆ ಅರೆಭಾಷೆಯಲ್ಲಿ ಪತ್ರೊಡೆ ಮಾಡುವ ಕ್ರಮ ಹೇಳಿ ಕಳಿಸಬಹುದು, ಮೊಮ್ಮಗಳು ಅದನ್ನು ಒಲೆಯ ಪಕ್ಕ ಇಟ್ಟು ಕೇಳುತ್ತಾ ಮಾಡಬಹುದು. ಮಾತಿನ ಮೇಲೆ ನಂಬಿಕೆ ಇಟ್ಟ ಆಕಾಶವಾಣಿಯಿಂದ ಮಾತಾಡುತ್ತಿರುವಾಗ ಈ ಸಂಗತಿಯನ್ನು ಸಂತೋಷದಿಂದ ಹೇಳುತ್ತೇನೆ.

ಕೃಷಿಗೆ ಆದ ಲಾಭ ನಿಮಗೆಲ್ಲ ಗೊತ್ತಿರುವಂಥದ್ದು, ಚುಟುಕಾಗಿ ಹೇಳುತ್ತೇನೆ. 1988ರಿಂದ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟು ಬರೆಸುತ್ತಾ ಬಂದಿತ್ತು. ಫೋನು ಅದೇ ಕೈಗೆ ಕ್ಯಾಮೆರಾ ಕೊಟ್ಟಿತು. ಎಲೆಚುಕ್ಕಿ ರೋಗ ಬಂದ ಸೋಗೆಯ ಫೋಟೋ ತೋಟದಲ್ಲೇ ತೆಗೆದು ತಜ್ಞರಿಗೆ ಕಳಿಸಿ ಕೇಳುವುದು ಈಗ ರೂಢಿ. ಅಡಿಕೆ ಕೊಳ್ಳುವ ಕ್ಯಾಂಪ್ಕೊ ಸಂಸ್ಥೆಯ ದರ ಗುಂಪಿನಿಂದ ಗುಂಪಿಗೆ ಹೋಗುತ್ತದೆ. ಸುಳ್ಯದ ಕಡೆ ದಶಕಗಳಿಂದ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೃಷಿಕರಿದ್ದಾರೆ. ಅವರ ಬೆಳಗ್ಗಿನ ಲೆಕ್ಕ ಈಗ ಗಂಟೆಯೊಳಗೆ ಹತ್ತಾರು ಊರಿಗೆ ಮುಟ್ಟುತ್ತದೆ. 2020ರಲ್ಲಿ ಸರಕಾರ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟು, ರೈತರೇ ತಮ್ಮ ಜಾಗದಲ್ಲಿ ನಿಂತು ಬೆಳೆಯ ಫೋಟೋ ಹಾಕಬೇಕೆಂದಿತು. ಅಡಿಕೆ, ಕಾಳುಮೆಣಸು, ಕೊಕ್ಕೊ, ಬಾಳೆ ಎಲ್ಲ ಒಂದೇ ತೋಟದಲ್ಲಿ ಹೆಣೆದುಕೊಂಡಿರುವ ನಮ್ಮಲ್ಲಿ ಅದೂ ಸುಲಭವಿರಲಿಲ್ಲ. ಸೋಗೆಗಳ ನೆರಳಿನಡಿ, ಜಾಗ ಗುರುತಿಸಲು ಉಪಗ್ರಹ ಹುಡುಕುವ ಫೋನಿಗೆ ಆಕಾಶವೇ ಸರಿಯಾಗಿ ಸಿಗುವುದಿಲ್ಲ.

ಹೋದದ್ದೂ ಇದೆ. ಎಸ್‌ಟಿಡಿ ಬೂತುಗಳು ಹೋದವು, ಅವುಗಳಲ್ಲಿ ಕೆಲವನ್ನು ಅಂಗವಿಕಲರು ನಡೆಸಿ ಬದುಕುತ್ತಿದ್ದರು. ಸಂಜೆ ಅಂಗಡಿ ಬೆಂಚಿನಲ್ಲಿ ಕೂತವರು ಎದುರಿನವರ ಮುಖ ನೋಡುವುದು ಕಡಿಮೆಯಾಯಿತು. ಒಟಿಪಿ ಕೇಳಿ ದುಡ್ಡು ಎಳೆಯುವವರು ಹಳ್ಳಿಯ ಮುದುಕರನ್ನೂ ಬಿಡಲಿಲ್ಲ. ಇವೆಲ್ಲ ನಿಜ, ಇವುಗಳ ಬಗ್ಗೆ ಬೇರೆಯೇ ಮಾತಾಡಬೇಕು.

ನನಗೆ ಇವತ್ತು ಹೇಳಲೇಬೇಕಾದದ್ದು ರೇಂಜಿನ ವಿಷಯ. ಕೊರೋನಾ ಕಾಲದಲ್ಲಿ ಶಾಲೆ ಫೋನಿನೊಳಗೆ ಬಂದಾಗ ಇಷ್ಟು ವರ್ಷ ಮುಚ್ಚಿದ್ದ ಸತ್ಯ ಹೊರಬಿತ್ತು. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಬಳ್ಳಕ್ಕದ ಒಂದು ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜಡಿಮಳೆ. ರಸ್ತೆಯ ಬದಿಯಲ್ಲಿ ಕೂತ ಎಸ್ಸೆಸ್ಸೆಲ್ಸಿ ಹುಡುಗಿ ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ. ಅಪ್ಪ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಅವಳ ಮನೆಯಲ್ಲಿ ರೇಂಜ್ ಇರಲಿಲ್ಲ. ನೋಡಿದವರೆಲ್ಲ ಆ ಅಪ್ಪನ ಪ್ರೀತಿಯನ್ನು ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಐಫೋನು ಭಾರತಕ್ಕೆ ಬಂದು ಸುಮಾರು 13 ವರ್ಷಗಳಾದ ಮೇಲೂ ಒಬ್ಬ ಹುಡುಗಿ ಪಾಠಕ್ಕಾಗಿ ಮಳೆಯಲ್ಲಿ ಕೂರಬೇಕಾದದ್ದು ಹೊಗಳುವ ಸಂಗತಿಯಲ್ಲ. ಅದು ಕೊರತೆ, ಅದನ್ನು ಕೊರತೆ ಎಂದೇ ಕರೆಯಬೇಕು.

ಮರುವರ್ಷ ಜುಲೈಯಲ್ಲಿ ಕೇಂದ್ರ ಸಂಪುಟವು ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಒಳ್ಳೆಯದು. ಆದರೆ ದೆಹಲಿಯ ಲೆಕ್ಕ ಹಳ್ಳಿಯ ಲೆಕ್ಕ. ಹಳ್ಳಿಯ ಪೇಟೆಯಲ್ಲಿ ಟವರ್ ಇದ್ದರೆ ಆ ಹಳ್ಳಿಗೆ ನೆಟ್‌ವರ್ಕ್ ಇದೆ ಎಂದು ಬರೆದುಕೊಳ್ಳುವುದು ಸುಲಭ. ನಮ್ಮಲ್ಲಿ ಒಂದು ಗ್ರಾಮವೆಂದರೆ ಹತ್ತು ತಗ್ಗು, ಹತ್ತು ಗುಡ್ಡೆ. ಟವರ್ ಇದ್ದರೂ ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಅದೂ ಸತ್ತಂತೆ. ಕರೆಂಟು ಹೋಗುವುದೂ, ಫೋನು ಹೆಚ್ಚು ಬೇಕಾಗುವುದೂ ಒಂದೇ ದಿನ. 2022ರ ಆಗಸ್ಟ್ ಮೊದಲ ವಾರದಲ್ಲಿ ಸುಬ್ರಹ್ಮಣ್ಯ, ಹರಿಹರ, ಕೊಲ್ಲಮೊಗ್ರು, ಕಲ್ಮಕಾರು ಕಡೆ ನೆರೆ ಬಂದು ಗುಡ್ಡೆ ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ವಾರ್ಡಿನಲ್ಲಿ ರೇಂಜ್ ಇಲ್ಲದ ಮನೆಗಳು ಯಾವುವು ಎಂದು ಒಂದು ಕಾಗದದಲ್ಲಿ ಬರೆಯಿರಿ. ಮನೆಯ ಹೆಸರು, ಹತ್ತಿರದ ಟವರ್ ಎಲ್ಲಿದೆ, ಕರೆಂಟು ಹೋದ ಮೇಲೆ ಅದು ಎಷ್ಟು ಹೊತ್ತು ನಿಲ್ಲುತ್ತದೆ, ಓದುವ ಮಕ್ಕಳು ಎಷ್ಟು ಮಂದಿ, ಒಬ್ಬರೇ ಇರುವ ಹಿರಿಯರು ಯಾರು, ಇಷ್ಟಿದ್ದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಓದಿ, ನಿರ್ಣಯ ಪುಸ್ತಕದಲ್ಲಿ ಬರೆಸಿ, ಪ್ರತಿ ಕೇಳಿ ಪಡೆಯಿರಿ. ಮಳೆಗಾಲ ಶುರುವಾಗುವ ಮೊದಲೇ ಮಾಡಿ.